ಕೇತಯ್ಯ ಕೂತ ಕಾರಣ

ಮೊದಲ ನಮಸ್ಕಾರ ಹೊಸ್ತಿಲಿಗೆ. ಅದರ ಎರಡು ಪಕ್ಕದಲ್ಲಿ ನಿಂತು ಕಾಯುವ ಜಯವಿಜಯರಿಗೆ ಎರಡನೆಯದು. ಅವರ ಅಪ್ಪಣೆಯಿಲ್ಲದೆ ಒಳಗಿನ ಸ್ವಾಮಿಯ ದರ್ಶನ ದೊರೆಯದೆಂದು ನನಗೆ ಮಾತು ಬರುವ ಮೊದಲೇ ಕಲಿಸಿದ್ದರು. ನಿಂತು ಬಾಳಿದ ತಂದೆಗೆ, ಬಡಿಸಿ ಬಾಳಿದ ತಾಯಿಗೆ, ಹಳಗನ್ನಡದ ಮೊದಲ ಪದ್ಯಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ ಅಜ್ಜಿಗೆ, ಬೇರಿಳಿಸಲು ಒಂದಿಷ್ಟು ಜಾಗ ಕೊಟ್ಟ ಮಿಷಿಗನ್ನಿನ ಮಣ್ಣಿಗೆ, ಆ ಮಣ್ಣಿನ ಮೇಪಲ್ ಮರಕ್ಕೆ ನನ್ನ ಕೃತಜ್ಞತೆ ಸಲ್ಲಲಿ. ಇವರಲ್ಲಿ ಹೆಚ್ಚಿನವರು ಈಗಿಲ್ಲ. ಇಲ್ಲದವರ ವಿಚಾರವನ್ನು ಎದ್ದು ನಿಂತು ಹೇಳಬೇಕೆಂಬುದು ನಮ್ಮ ಮನೆಯ ರೂಢಿ. ಆದುದರಿಂದ ಅಡುಗೆಮನೆಯ ಎತ್ತರದ ಕಟ್ಟೆಯ ಮೇಲೆ ಹಾಳೆಗಳನ್ನು ಹರಡಿಕೊಂಡು ಇದನ್ನು ನಿಂತೇ ಬರೆಯುತ್ತಿದ್ದೇನೆ.

ನಿಜ ಹೇಳಬೇಕೆಂದರೆ, ಕುಳಿತು ಬರೆಯಲು ನನ್ನಿಂದ ಆಗುವುದೂ ಇಲ್ಲ. ಮದುವೆಯಾಗಿ, ಮಿಷಿಗನ್ ಬಿಟ್ಟು, ನೇಪರ್‌ವಿಲ್ಲಿಗೆ ಬಂದು ಒಂದು ಆಯುಷ್ಯವೇ ಕಳೆಯಿತು. ಇಲ್ಲಿ ಯಾರ ಮನೆಯ ಪೂಜೆಗೆ ಹೋದರೂ ನನ್ನ ಕಾಲು ತಾನಾಗಿ ಬಾಗಿಲ ಬಳಿಗೆ ನಡೆಯುತ್ತದೆ. ಬೆನ್ನು ಗೋಡೆಗೆ, ಕಣ್ಣು ಬೀದಿಗೆ. ಸೋಫಾದಲ್ಲಿ ಒತ್ತಿ ಕೂರಿಸಿದರೆ ಅಂಗಾಲಿನಲ್ಲಿ ಇರುವೆ ಹರಿದಂತಾಗಿ, ನೀರು ಕುಡಿಯುವ ನೆಪ ಮಾಡಿ ಏಳುತ್ತೇನೆ. ಬೆಂಗಳೂರಿನಿಂದ ಈಚೆಗೆ ಬಂದಿರುವ ಹೆಣ್ಣುಮಕ್ಕಳಿಗೆ ಇದು ಸೋಜಿಗ.

"ಆಂಟಿ, ಪ್ಲೀಸ್ ಕೂತ್ಕೊಳಿ. ನೀವು ನಿಂತಿದ್ರೆ ನಮಗೆಲ್ಲ ಗಿಲ್ಟ್ ಆಗತ್ತೆ."

"ಬಾಗ್ಲಿಗೆ ಕ್ಯಾಮೆರಾ ಹಾಕ್ಸಿದೀವಿ ಆಂಟಿ. ಯಾರು ಬಂದ್ರೂ ಫೋನ್ ಹೇಳತ್ತೆ. ನೀವ್ಯಾಕೆ ಕಾಯ್ತೀರಾ?"

ನಗುತ್ತೇನೆ. ನನ್ನ ಈ ತಳಮಳಕ್ಕೆ ವೈದ್ಯರು ಒಂದು ಹೆಸರು ಕೊಟ್ಟು ಮಾತ್ರೆ ಬರೆದಿದ್ದಾರೆ. ನಾನು ಬೆಳೆದ ಮನೆಯಲ್ಲಿ ಇದೇ ತಳಮಳಕ್ಕೆ ಬೇರೆ ಹೆಸರಿತ್ತು. ಅಲ್ಲಿ ಅದನ್ನು ಊಳಿಗ ಎನ್ನುತ್ತಿದ್ದರು.

ನಮ್ಮದು ಪಡಿಯರರ ಮನೆತನ. ಪಡಿಯರನೆಂದರೆ ಅರಸನ ಬಾಗಿಲನ್ನು ಹಿಡಿದವನು. ಈಟಿ ಹಿಡಿದು ತೂಕಡಿಸುವ ಕಾವಲಿನವನೆಂದು ಯಾರೂ ಎಣಿಸಬಾರದು. ಹೊನ್ನಕಟ್ಟಿನ ಬೆತ್ತ ಹಿಡಿದು ಓಲಗದ ಬಾಗಿಲಲ್ಲಿ ನಿಂತು, ಬಂದ ಸಾಮಂತನಿರಲಿ, ಪಂಡಿತನಿರಲಿ, ದೂರು ತಂದ ಹೆಂಗಸಿರಲಿ, "ಯಾರು? ಯಾರ ಮಕ್ಕಳು?" ಎಂದು ಕೇಳಿ, ಆ ಹೆಸರನ್ನು ಒಳಗೆ ಕೇಳುವಂತೆ ಕೂಗುವ ಅಧಿಕಾರ ಅದು. ಪಡಿಯರ ಕೂಗದ ಹೆಸರಿಗೆ ಓಲಗದಲ್ಲಿ ಆಸನವಿರಲಿಲ್ಲ. ತಂದೆಯಿಂದ ಮಗನಿಗೆ ಇಳಿಯುತ್ತ ಬಂದ ಪದವಿ. ಅದರ ಹಿಂದೆ ಊರು, ಗದ್ದೆ, ಕೊಡೆ, ಪಲ್ಲಕ್ಕಿ. ಆ ಅರಸು ಯಾರೆಂಬುದರಲ್ಲಿ ಮನೆಯೊಳಗೇ ಎರಡು ಪಂಥ. ತಂದೆಯವರು ದೋರಸಮುದ್ರ ಎಂದರೆ ಅಜ್ಜಿ ವಿಜಯನಗರ ಎನ್ನುತ್ತಿದ್ದರು, ಆ ವಾದ ಊಟದ ನಡುವೆ ಹುಟ್ಟಿದರೆ ಮಜ್ಜಿಗೆಯವರೆಗೂ ನಡೆಯುತ್ತಿತ್ತು. ಮುಂದಿನ ಸಂಗತಿಯಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಒಂದು ವಿಜಯದಶಮಿಯ ದಿನ ಅರಸು ದಂಡೆತ್ತಿ ಹೊರಟ. ಹೊರಡುವಾಗ ನಮ್ಮ ಹಿರಿಯನಿಗೆ, ನಾನು ಬರುವ ತನಕ ಕದ ತೆರೆದಿರಲಿ ಎಂದ. ಬರಲಿಲ್ಲ. ಊಳಿಗದಿಂದ ನಮ್ಮನ್ನು ಬಿಡುಗಡೆ ಮಾಡಬಲ್ಲವನು ಅವನೊಬ್ಬನೇ ಆಗಿದ್ದ. ಕಾಲಾಂತರದಲ್ಲಿ ಅರಮನೆ ಹೋಯಿತು, ಗದ್ದೆ ಹೋಯಿತು, ಊರಿನ ಹೆಸರೂ ಬದಲಾಯಿತು. ಬೆತ್ತ ಉಳಿಯಿತು, ಅಪ್ಪಣೆ ಉಳಿಯಿತು. ವರ್ಷಕ್ಕೊಮ್ಮೆ ದಶಮಿಯ ಸಂಜೆ ಮನೆಯ ಹಿರಿಯನು ಬೆತ್ತ ಹಿಡಿದು ತೆರೆದ ಮುಂಬಾಗಿಲಲ್ಲಿ ಬೀದಿಗೆ ಮುಖ ಮಾಡಿ ನಿಲ್ಲಬೇಕು. ವಂಶಾವಳಿ ಹೇಳಬೇಕು. ಬಂದವರ ಹೆಸರು ಕೂಗಬೇಕು. ಹೆಸರು ಕೂಗಿಸಿಕೊಳ್ಳದವರಿಗೆ ಎಲೆ ಹಾಕುವಂತಿಲ್ಲ. ಕೊನೆಯ ಅತಿಥಿ ಉಂಡು ಏಳುವ ತನಕ ಹಿರಿಯನು ಕೂರುವಂತಿಲ್ಲ. ಒಳಗೆ ಒಂದು ಮಣೆ, ಒಂದು ಬೆಳ್ಳಿಯ ತಟ್ಟೆ ಅರಸನಿಗೆಂದು ಖಾಲಿಯೇ ಇರಬೇಕು.

ಈ ಊಳಿಗವೆಲ್ಲ ನಡೆಯುತ್ತಿದ್ದುದು ಡೆಟ್ರಾಯಿಟಿನ ಪಶ್ಚಿಮಕ್ಕಿರುವ ಪ್ಲಿಮತ್ ಎಂಬ ಊರಿನಲ್ಲಿ, ಎರಡು ಬೀದಿ ಕೂಡುವ ಮೂಲೆಯ ಮನೆಯಲ್ಲಿ. ತಂದೆಯವರು, ನಾರಾಯಣಯ್ಯ, ಕಾರಿನ ಬಾಗಿಲುಗಳ ಕೀಲು ಮತ್ತು ಚಿಲಕಗಳನ್ನು ರೂಪಿಸುವ ಎಂಜಿನಿಯರು. ಇದನ್ನು ಕೇಳಿದವರೆಲ್ಲ ನಕ್ಕರೆ ಅವರೊಬ್ಬರು ನಗುತ್ತಿರಲಿಲ್ಲ. ನಮ್ಮ ಮನೆಯ ಮುಂಬಾಗಿಲು ಒಂದು ಬೀದಿಗೆ, ಗರಾಜು ಇನ್ನೊಂದು ಬೀದಿಗೆ. ಅಲ್ಲಿಯ ಎಲ್ಲರಂತೆ ನಾವೂ ಕಾರನ್ನು ಗರಾಜಿಗೆ ಹೊಗಿಸಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಬೂಟು ಬಿಚ್ಚಿ, ಅಡುಗೆಮನೆಯ ಮೂಲಕ ಒಳಗೆ ಸೇರುತ್ತಿದ್ದೆವು. ಮುಂಬಾಗಿಲು ಅಂಚೆಯವನಿಗೆ ಮತ್ತು ಅರಸನಿಗೆ. ಅದರ ಹಿಂದಿನ ಮೂಲೆಯಲ್ಲಿ, ಹಳದಿ ರೇಷ್ಮೆಯ ಬಟ್ಟೆ ಸುತ್ತಿ, ಬೆತ್ತವನ್ನು ನಿಲ್ಲಿಸಿದ್ದರು. ಹೊನ್ನಿನ ಕಟ್ಟು ಯಾವ ತಲೆಮಾರಿನಲ್ಲೋ ಕರಗಿ ಹೋಗಿ ಹಿತ್ತಾಳೆಯದು ಬಂದಿತ್ತು. ನಾವು ಅದನ್ನು ದಾಟುವಾಗ ದನಿ ತಗ್ಗಿಸುತ್ತಿದ್ದೆವು. ನೆಲಮಾಳಿಗೆಯಲ್ಲಿ, ಮನೆ ಕಾಯಿಸುವ ಫರ್ನೇಸಿನ ಗುಂಯ್‌ಗುಡುವಿಕೆಯ ನಡುವೆ, ತಂದೆಯವರು ಅತ್ತಿಂದಿತ್ತ ನಡೆಯುತ್ತ ನನಗೆ ವಂಶಾವಳಿ ಹೇಳಿಕೊಟ್ಟರು. ಅವರು ಎಂದೂ ಒಂದೆಡೆ ಕುಳಿತದ್ದಿಲ್ಲ. ಬೆಳಗಿನ ಉಪ್ಪಿಟ್ಟನ್ನು ಕಟ್ಟೆಗೆ ಒರಗಿ ನಿಂತು ತಿನ್ನುವರು. ಸಂಜೆ ಕಾರಿನಿಂದ ಇಳಿದವರು ಕಿಟಕಿಯಿಂದ ಕಿಟಕಿಗೆ ಹೋಗುವರು. ಅವರ ತಟ್ಟೆಯನ್ನು ಹಿಡಿದುಕೊಂಡು ತಾಯಿಯವರು ಹಿಂದೆ ನಡೆಯುವುದು ನಮ್ಮ ಮನೆಯ ನಿತ್ಯದ ಮೆರವಣಿಗೆ.

"ರೀ, ಅನ್ನ ಆರತ್ತೆ. ಇದೊಂದು ತುತ್ತಾದ್ರೂ ಕೂತು ತಿನ್ನಿ."

"ಬಂದೆ ಸಾವಿತ್ರಿ, ಬಂದೆ."

"ಎಲ್ಲಿಗೆ ಬಂದ್ರಿ? ಆ ಕಿಟಕಿಗೆ ಹೋದ್ರಿ!"

ವಂಶಾವಳಿಯಲ್ಲಿ ಒಂದು ಮುಳ್ಳಿತ್ತು. ಬಮ್ಮಯ್ಯನ ಮಗ ಮಾಚಯ್ಯ, ಮಾಚಯ್ಯನ ಮಗ ಹೊನ್ನಯ್ಯ, ಎಂದು ಗಂಟೆ ಬಾರಿಸಿದಂತೆ ಹೇಳುತ್ತ ಬರುವ ತಂದೆಯವರು, ಹೊನ್ನಯ್ಯನ ಮಗ ಕೇತಯ್ಯ ಎನ್ನುವಾಗ ದನಿಯನ್ನು ಗಂಟಲಿಗಿಳಿಸುತ್ತಿದ್ದರು. ಕೇತಯ್ಯ ಕೂತಿದ್ದ. ಅದೊಂದೇ ಅವನ ಚರಿತ್ರೆ. ಒಂದು ಸಂಜೆ ಬೇಟೆಯಿಂದ ಮರಳಿದ ಅರಸು, ತನ್ನ ಪಡಿಯರನು ಹೊಸ್ತಿಲ ಮೇಲೆ ಕೂತಿರುವುದನ್ನು ಕಂಡ. ಬೈಯಲಿಲ್ಲ, ದಂಡಿಸಲಿಲ್ಲ; ಒಂದು ಮಾತೂ ಆಡದೆ ಪಕ್ಕದಿಂದ ಒಳಗೆ ಹೋದ. ಆ ಮೌನವೇ ದಂಡನೆಯಾಗಿ ಇಡೀ ವಂಶದ ಮೇಲೆ ಬಿತ್ತೆಂದು ನಮ್ಮ ಗಂಡಸರು ಹೇಳಿಕೊಂಡು ಬಂದರು. ಶಾಲೆಯ ಪಾಠ ಮಾಡುತ್ತ ನಾನು ಬೆನ್ನು ಬಾಗಿಸಿದರೆ, "ಕೇತಯ್ಯ ಆಗ್ಬೇಡ" ಎನ್ನುವರು. ಟಿವಿಯ ಮುಂದೆ ಹೆಚ್ಚು ಹೊತ್ತು ಕೂತರೂ ಅದೇ ಮಾತು. ನೆರೆಯ ಮಕ್ಕಳಿಗೆ ಬೂಚಿಯ ಭಯವಿದ್ದರೆ ನನಗೆ ಕೂತ ಮನುಷ್ಯನೊಬ್ಬನ ಭಯ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಅಜ್ಜಿ ಮೈಸೂರಿನಿಂದ ಬಂದರು. ಮೊಮ್ಮಗಳನ್ನು ನೋಡಲು ಎಂದು ಎಲ್ಲರಿಗೂ ಹೇಳಿದ್ದರೂ, ಬಂದ ಕಾರಣ ಬೇರೆಯಿತ್ತು. ಬೆತ್ತವು ಸಮುದ್ರ ದಾಟಿದ್ದು ದಾಯಾದಿಗಳಲ್ಲಿ ಯಾರಿಗೂ ಒಪ್ಪಿಗೆಯಾಗಿರಲಿಲ್ಲ. ಮೈಸೂರಿನಲ್ಲಿದ್ದ ಚಿಕ್ಕಪ್ಪ ಅದನ್ನು ತಮಗೆ ಕೊಡಬೇಕೆಂದು ಕೇಳುತ್ತಿದ್ದರು. ಒಂದು ದಶಮಿಯನ್ನು ಕಣ್ಣಾರೆ ನೋಡುತ್ತೇನೆ, ಬಾಗಿಲು ಸರಿಯಾಗಿ ನಡೆಯದಿದ್ದರೆ ಬೆತ್ತವನ್ನು ಹಿಂದಕ್ಕೆ ತರುತ್ತೇನೆ ಎಂದು ಅಜ್ಜಿ ಅವರಿಗೆ ಮಾತು ಕೊಟ್ಟಿದ್ದರು. ವಿಮಾನ ನಿಲ್ದಾಣದಿಂದ ಬರುವಾಗ ಕಾರಿನಲ್ಲೇ ಇದನ್ನು ತಂದೆಯವರಿಗೆ ನೇರವಾಗಿ ಹೇಳಿದರು. ಮನೆ ತಲುಪಿದಾಗ ಗರಾಜಿನ ಬಾಗಿಲು ತಾನಾಗಿ ಮೇಲೇರಿತು. ಅಜ್ಜಿ ಕಾರಿನಿಂದ ಇಳಿಯಲಿಲ್ಲ.

"ಇದೇನೋ ನಾಣಿ? ಕೊಟ್ಟಿಗೆಯಿಂದ ಮನೆಯೊಳಕ್ಕೆ ಕರ್ಕೊಂಡು ಹೋಗ್ತೀಯಾ?"

"ಇಲ್ಲಿ ಎಲ್ರೂ ಹೀಗೇ ಅಮ್ಮ. ಚಳಿ."

"ಚಳಿ ನಿನಗಾ, ಬಾಗಿಲಿಗಾ?"

ಕಾರನ್ನು ಹಿಂದೆಗೆದು, ಮೂಲೆ ಸುತ್ತಿಸಿ, ಮುಂಬಾಗಿಲ ಎದುರು ನಿಲ್ಲಿಸಿದ ಮೇಲೆ ಅವರು ಬಲಗಾಲಿಟ್ಟು ಒಳಗೆ ಬಂದರು. ಆ ದಿನದಿಂದ ತಂದೆಯವರ ನಿದ್ದೆ ಹಾಳಾಯಿತು. ಮುಂಬಾಗಿಲ ಕೀಲಿಗೆ ಎಣ್ಣೆ ಬಿಟ್ಟರು, ಒರಸಿದರು, ಮತ್ತೆ ಬಿಟ್ಟರು. ಬೆತ್ತವನ್ನು ಹುಣಿಸೆಹಣ್ಣಿನಿಂದ ಬೆಳಗಿದರು. ಅದು ಕೈಬಿಟ್ಟು ಹೋಗುವುದನ್ನು ನೆನೆದರೇ ಅವರ ಮುಖ ಸಣ್ಣದಾಗುತ್ತಿತ್ತು. ಈ ಪರದೇಶದಲ್ಲಿ ಅವರು ಯಾರೆಂಬುದನ್ನು ಹೇಳುವ ವಸ್ತು ಅದೊಂದೇ ಆಗಿತ್ತು. ಇದರ ನಡುವೆ ಅವರ ಮೊಣಕಾಲ ಕೆಳಗೆ ನರಗಳು ಹಸಿರುಗಟ್ಟಿ ಉಬ್ಬಿದ್ದವು. ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಬರುತ್ತಿದ್ದ ನಮ್ಮ ಮನೆಯ ಆಪ್ತರು, ಧಾರವಾಡದ ಡಾಕ್ಟರ್ ಪಾಟೀಲರು, ಪ್ಯಾಂಟು ಮೇಲೆತ್ತಿಸಿ ನೋಡಿ ತಲೆಯಾಡಿಸಿದ್ದರು.

"ನಾರಾಯಣಯ್ಯನವರ, ಈ ಕಾಲ ಇಟಗೊಂಡು ತಾಸುಗಟ್ಟಲೆ ನಿಂದ್ರತೀನಿ ಅಂದ್ರ ನಾ ಒಪ್ಪಂಗಿಲ್ಲ. ಕುಂದರಬೇಕ್ರಿ."

"ದಶಮಿ ಆಗ್ಲಿ ಡಾಕ್ಟ್ರೇ."

"ದಶಮಿಗೇ ನಿಂದ್ರಬ್ಯಾಡ್ರಿ ಅಂತ ಹೇಳಾಕತ್ತೀನಿ ನಾನು!"

ಅಜ್ಜಿ ಪಕ್ಕದಲ್ಲೇ ಹೂಬತ್ತಿ ಹೊಸೆಯುತ್ತಿದ್ದರು. ಕಾಲನ್ನು ನೋಡಿದರು, ಮಾತಾಡಲಿಲ್ಲ. ಆ ಮೌನವನ್ನು ತಂದೆಯವರು ಪರೀಕ್ಷೆಯ ಮೊದಲ ಪ್ರಶ್ನೆಯೆಂದು ಭಾವಿಸಿದರು.

ದಶಮಿ ಬಂತು. ಅಕ್ಟೋಬರಿನ ಗಾಳಿ, ಬೆಳಗಿನಿಂದಲೇ ಫ್ಯಾರನ್‌ಹೀಟಿನ ನಲವತ್ತು ಡಿಗ್ರಿ ದಾಟಿರಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿ ಒಬ್ಬಟ್ಟು ತಟ್ಟಿದರು, ತಾಯಿಯವರು ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಭಾತು ಮಾಡಿದರು. ಮಧ್ಯಾಹ್ನ ಒಬ್ಬೊಬ್ಬರಾಗಿ ಅತಿಥಿಗಳು ಫೋನು ಮಾಡಿದರು, ತಾಯಿಯವರು ಕಿವಿಗೂ ಭುಜಕ್ಕೂ ನಡುವೆ ರಿಸೀವರ್ ಸಿಕ್ಕಿಸಿಕೊಂಡು, ಕೈ ಆಡಿಸುತ್ತಲೇ, ವರ್ಷವಿಡೀ ಹೇಳುವ ಮಾತನ್ನೇ ಅಭ್ಯಾಸಬಲದಿಂದ ಎಲ್ಲರಿಗೂ ಹೇಳಿದರು.

"ಬನ್ನಿ ಬನ್ನಿ. ಗರಾಜ್ ತೆಗ್ದೇ ಇಟ್ಟಿರ್ತೀನಿ, ಸೀದಾ ಒಳಗ್ ಬಂದ್ಬಿಡಿ. ಮುಂದಗಡೆ ಎಲೆ ಬಿದ್ದು ಕಾಲು ಜಾರತ್ತೆ."

ಸೂರ್ಯ ಇಳಿಯುವಾಗ ತಂದೆಯವರು ರೇಷ್ಮೆಯ ಪಂಚೆ, ಜರಿಯ ಪೇಟ, ಒಂದು ಶಾಲು ಧರಿಸಿ ಮುಂಬಾಗಿಲನ್ನು ಗೋಡೆಯವರೆಗೆ ತೆರೆದು, ಬೆತ್ತವನ್ನು ಊರಿ, ಬೀದಿಗೆ ಮುಖ ಮಾಡಿ ನಿಂತರು. ಬೆನ್ನ ಹಿಂದೆ ನಾನು, ನನ್ನ ಕೈಯಲ್ಲಿ ಆರತಿಯ ತಟ್ಟೆ. ವಂಶಾವಳಿ ಆರಂಭವಾಯಿತು. ಬಮ್ಮಯ್ಯನ ಮಗ ಮಾಚಯ್ಯ. ಎದುರಿನ ಮನೆಯ ನಾಯಿ ಬೊಗಳಿತು. ಮಾಚಯ್ಯನ ಮಗ ಹೊನ್ನಯ್ಯ. ಕೇತಯ್ಯನನ್ನು ಎಂದಿನಂತೆ ನುಂಗಿಕೊಂಡರು. ತಮ್ಮ ಹೆಸರಿನವರೆಗೆ ಹೇಳಿ ಮುಗಿಸಿ ಕಾದರು. ಯಾರೂ ಬರಲಿಲ್ಲ. ಬೀದಿಯ ದೀಪ ಹತ್ತಿತು. ಮೇಪಲ್ಲಿನ ಹಳದಿ ಎಲೆಗಳು ಗಾಳಿಗೆ ಹಾರಿ ಬಂದು ಹೊಸ್ತಿಲು ದಾಟಿ, ಅರಸನ ಬೆಳ್ಳಿ ತಟ್ಟೆಯ ಸುತ್ತ ಬಿದ್ದವು. ತಂದೆಯವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸತೊಡಗಿದರು. ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ. ತಿರುಗಿ ನೋಡುವಂತಿಲ್ಲವಾದ್ದರಿಂದ ಬೀದಿಗೇ ಕೇಳಿದರು:

"ಪದ್ಮಾ, ಅಮ್ಮ ಸರಿಯಾದ ಟೈಮ್ ಹೇಳಿದಾಳಾ ಎಲ್ರಿಗೂ? ಕೇಳ್ಕೊಂಡು ಬಾ."

"ಓಕೆ ಅಪ್ಪ."

ನಾನು ಒಳಗೆ ಓಡಿ ಅಡುಗೆಮನೆಯ ಬಾಗಿಲು ತಳ್ಳಿದೆ. ಸುತ್ತಲ ಊರುಗಳವರಿಂದ ಮನೆ ತುಂಬಿತ್ತು. ಕ್ಯಾಂಟನ್ನಿನವರು, ಟ್ರಾಯ್‌ನವರು, ಪಾಟೀಲರ ಸಂಸಾರ, ಎಲ್ಲರೂ ಒಗೆಯುವ ಯಂತ್ರದ ಪಕ್ಕದಲ್ಲಿ ಬೂಟಿನ ಗುಡ್ಡೆ ಹಾಕಿ, ಹಿಂದಿನ ಕೋಣೆಯಲ್ಲಿ ಕೂತು, ಹಸಿವಿನ ಹರಟೆ ಹೊಡೆಯುತ್ತಿದ್ದರು. ಗರಾಜಿನಿಂದಲೇ ಬರಲು ಹೇಳಿದ್ದರಿಂದ, ತಂದೆಯವರು ಮುಂದುಗಡೆ ನಿಂತಿರುವುದು ಈ ಸಲ ಬರಿಯ ಅಲಂಕಾರಕ್ಕೆಂದು ಅವರ ಎಣಿಕೆ. ತಾಯಿಯವರು ತಟ್ಟೆಗಳ ಕಟ್ಟನ್ನು ಹಿಡಿದು ನಿಂತಿದ್ದರು; ಅಜ್ಜಿ ಭಾತಿನ ಪಾತ್ರೆಗೆ ಅಡ್ಡವಾಗಿ ನಿಂತಿದ್ದರು.

"ಅತ್ತೆ, ಮಕ್ಕಳು ಹಸ್ಕೊಂಡಿದಾವೆ. ನನ್ನ ಬಾಯ್ತಪ್ಪು, ಗರಾಜ್ ಅಂದ್ಬಿಟ್ಟೆ. ಬಡಿಸ್ಬಿಡೋಣ."

"ಹೆಸರು ಕೂಗಿಲ್ಲ. ಎಲೆ ಇಲ್ಲ."

"ಹಾಗಂತ ಮನೆಗೆ ಬಂದೋರನ್ನ ಉಪವಾಸ ಕೆಡವೋದಾ? ಹೋಗಿ ಅವರಿಗೆ ಹೇಳ್ತೀನಿ, ಎಲ್ರೂ ಬಂದಾಯ್ತು, ಒಳಗ್ ಬನ್ನಿ ಅಂತ."

"ಹೇಳು. ನಿನ್ನ ಗಂಡ ಕಾಯ್ದಿದ್ದು ಖಾಲಿ ಬೀದೀನ, ಅವನ ಹಿಂದಿಂದ ಊರೆಲ್ಲ ಒಳಗೆ ಬಂತು ಅಂತ ಹೇಳು. ಅವನು ತಡಕೋತಾನಾ ನೋಡು."

ತಾಯಿಯವರ ಕಣ್ಣು ತುಂಬಿತು. ಇಬ್ಬರೂ ಬಯಸಿದ್ದು ಒಂದನ್ನೇ, ಮುಂದುಗಡೆ ನಿಂತವರ ಮಾನ ಉಳಿಯಲಿ ಎಂಬುದನ್ನೇ, ಎಂದು ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಆಗ ಮಾತ್ರ ನನಗೆ ಕಂಡದ್ದು ಬೆತ್ತ ವಿಮಾನ ಹತ್ತುವ ದೃಶ್ಯ. ನಾನು ಅಳುತ್ತ ನಿಂತಿರುವುದನ್ನು ನೋಡಿ ಪಾಟೀಲರು ಎದ್ದು ಬಂದರು. ಸಂಗತಿಯನ್ನು ಕೇಳಿ ಹಣೆ ಬಡಿದುಕೊಂಡು ಹಿಂದಿನ ಕೋಣೆಗೆ ತಿರುಗಿದರು.

"ಏಳ್ರಿ ಎಲ್ಲಾರೂ! ಬಾಗಲದಾಗ ರಾಯರು ನಿಂತಾರ, ನಾವು ಕಳ್ಳರಂಗ ಹಿತ್ತಲ ಹಾಯ್ದು ಬಂದು ಕುಂತೇವಿ. ಬೂಟ ಹಾಕ್ಕೋರಿ, ಹೊರಗ ನಡೀರಿ. ಮತ್ತೊಮ್ಮೆ ಬರೂಣು."

"ಡಾಕ್ಟ್ರೇ, ಹೊರಗೆ ಫ್ರೀಜ್ ಆಗ್ತಿದೆ!"

"ಆಗ್ಲಿ ಬಿಡ್ರಿ. ನಡದ್ರ ಹಸಿವೆ ಇನ್ನಷ್ಟ ಚಲೋ ಆಗ್ತದ."

ಅಜ್ಜಿ ಪಾತ್ರೆಯಿಂದ ಸರಿದರು. ಅವರ ತುಟಿಯ ಒಂದು ಅಂಚು ಕೊಂಚ ಮೇಲೇರಿದ್ದನ್ನು ನಾನು ನೋಡಿದೆ. ರೇಷ್ಮೆ ಸೀರೆಯ ಮೇಲೆ ಚಳಿಯ ಕೋಟು ತೊಟ್ಟ ಹೆಂಗಸರು, ಜೇಬಿಗೆ ಕೈಯಿಟ್ಟ ಎಂಜಿನಿಯರುಗಳು, ಗೊಣಗುವ ಮಕ್ಕಳು, ಎಲ್ಲರೂ ಗರಾಜಿನಿಂದ ಹೊರಬಿದ್ದು, ಹುಲ್ಲುಹಾಸನ್ನು ಬಳಸಿ, ಮೂಲೆಯನ್ನು ಸುತ್ತಿ ಮುಂದಿನ ಬೀದಿಗೆ ಹೊರಟರು. ದಾರಿಯಲ್ಲಿ ಪಾಟೀಲರು ಬಗ್ಗಿ ಹಳದಿ ಮೇಪಲ್ ಎಲೆಗಳನ್ನು ಆಯ್ದು ಕೈಕೈಗೆ ಕೊಟ್ಟರು. ಬನ್ನಿಯಿಲ್ಲದ ನಾಡಿನಲ್ಲಿ ಇದೇ ಬನ್ನಿಯೆಂದು ಅವರ ತೀರ್ಪು. ನಾನು ತಂದೆಯವರ ಬೆನ್ನ ಹಿಂದಕ್ಕೆ ಓಡಿ ಬಂದು ನಿಂತೆ. ಏನನ್ನೂ ಹೇಳಲಿಲ್ಲ. ಮೂಲೆಯ ಕತ್ತಲಿನಿಂದ ಆ ಮೆರವಣಿಗೆ ಬೀದಿಯ ದೀಪದ ಬೆಳಕಿಗೆ ಬಂದಾಗ ತಂದೆಯವರ ಬೆನ್ನು ನೆಟ್ಟಗಾಯಿತು. ಬೆತ್ತ ನೆಲಕ್ಕೆ ಬಡಿಯಿತು.

"ಯಾರು? ಯಾರ ಮಕ್ಕಳು?"

"ಧಾರವಾಡದ ಬಸವಂತಪ್ಪ ಪಾಟೀಲರ ಮಗಾ, ಶಿವನಗೌಡ. ಬನ್ನಿ ತೊಗೊಂಡು ಬಂಗಾರದಂಗ ಇರೂಣ್ರಿ!"

ತಂದೆಯವರು ಎಲೆಯನ್ನು ಕಣ್ಣಿಗೊತ್ತಿಕೊಂಡು, ಮನೆ ನಡುಗುವಂತೆ ಹೆಸರು ಕೂಗಿದರು. ಪಾಟೀಲರ ಹಿಂದೆ ಅವರ ಏಳು ವರ್ಷದ ಮಗ.

"ಯಾರು? ಯಾರ ಮಕ್ಕಳು?"

"ಅಂಕಲ್, ಯು ನೋ ಮೀ! ಐಯಾಮ್ ಅರುಣ್! ಐ ವಾಸ್ ಜಸ್ಟ್ ಇನ್‌ಸೈ..."

ಹಿಂದಿದ್ದ ಅವನ ತಾಯಿ ಬಾಯಿ ಮುಚ್ಚಿದರು. ತಂದೆಯವರ ಹುಬ್ಬು ಒಂದು ಕ್ಷಣ ಏರಿತು, ಕಣ್ಣು ಎಲ್ಲರ ಒದ್ದೆ ಬೂಟುಗಳ ಮೇಲೆ ಓಡಿತು. ತಿಳಿಯಿತೆಂದೇ ನನ್ನ ನಂಬಿಕೆ. ಆದರೂ ಅವರು ಆ ಮಗುವಿನ ಹೆಸರನ್ನು ಸಾಮಂತನೊಬ್ಬನ ಹೆಸರಿನಂತೆ ಕೂಗಿದರು, ಅವನ ಹಿಂದಿನವರದನ್ನು ಕೂಗಿದರು, ಕೊನೆಯವರೆಗೂ ಅದೇ ಗತ್ತು. ಎಲ್ಲರೂ ಒಳಗಾದರೆನ್ನುವಾಗ ಎದುರು ಮನೆಯ ಮುದುಕಿ ಮಿಸೆಸ್ ಹೆಲೆನ್ ಒಂದು ಕಂಬಳಿಯನ್ನು ಎದೆಗವಚಿಕೊಂಡು ಓಡೋಡಿ ಬಂದಳು. ಇಷ್ಟು ಜನ ಹಿಂದಿನಿಂದ ಹೊರಬಿದ್ದು ಮನೆಯನ್ನು ಸುತ್ತುವುದನ್ನು ಕಿಟಕಿಯಿಂದ ನೋಡಿ, ಮನೆಗೆ ಬೆಂಕಿ ಬಿದ್ದಿದೆಯೆಂದು ತಿಳಿದಿದ್ದಳು. ತಂದೆಯವರು ಅವಳನ್ನೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ. ಅವಳು ತಬ್ಬಿಬ್ಬಾಗಿ ತನ್ನ ತಂದೆಯ ಹೆಸರು ರಾಬರ್ಟ್ ಎಂದಳು.

"ರಾಬರ್ಟರ ಮಗಳು ಹೆಲೆನಮ್ಮನವರು ದಯಮಾಡಿಸಿದ್ದಾರೆ!"

ಇನ್ನಾರೋ ದೊಡ್ಡವರು ಬಂದಿರಬೇಕೆಂದು ಅವಳು ಹಿಂದಿರುಗಿ ನೋಡಿದಳು. ಬೆಂಕಿಯಿಲ್ಲವೆಂದು ತಿಳಿದ ಮೇಲೆ ಕಂಬಳಿಯನ್ನು ತಂದೆಯವರ ಹೆಗಲಿಗೆ ಹೊದಿಸಿ, ಒಳಗೆ ಹೋಗಿ ಒಬ್ಬಟ್ಟು ತಿಂದಳು. ಒಳಗೆ ನಗು, ತಟ್ಟೆಯ ಸದ್ದು, ತುಪ್ಪದ ವಾಸನೆ. ತಂದೆಯವರು ತೆರೆದ ಬಾಗಿಲಲ್ಲಿ ಹಾಗೆಯೇ ನಿಂತರು. ಕಂಬಳಿಯ ಕೆಳಗೆ ಅವರ ಕಾಲು ನಡುಗುವುದು ಪಂಚೆಯ ಅಂಚಿನಲ್ಲಿ ಕಾಣುತ್ತಿತ್ತು. ಆಗ ಅಜ್ಜಿ ಒಂದು ತಟ್ಟೆ ಹಿಡಿದು ಬಂದರು.

"ನಾಣಿ, ಕೂತ್ಕೋ."

ತಂದೆಯವರು ಬೆಚ್ಚಿದರು. ಇದೇ ಪರೀಕ್ಷೆ, ಇದೇ ಕಡೆಯ ಪ್ರಶ್ನೆ ಎಂದು ಅವರಿಗೆ ಅನಿಸಿದ್ದು ಮುಖದಲ್ಲೇ ಕಂಡಿತು.

"ಇನ್ನೂ ಊಟ ಆಗ್ತಿದೆ ಅಮ್ಮ. ನಾನು ಕೇತಯ್ಯ ಆಗಲ್ಲ."

"ಕೇತಯ್ಯ ಯಾಕೆ ಕೂತ ಅಂತ ಗೊತ್ತೇನೋ ನಿನಗೆ?"

"ಮೈಮರೆತು ಕೂತ."

"ಅದು ನಿಮ್ಮ ಗಂಡಸರ ಕತೆ. ಅವನಿಗೆ ಕಾಲು ಬಾತಿತ್ತು. ನಿನ್ನ ಹಾಗೇ. ತಾಯಿ 'ಕೂತ್ಕೋ' ಅಂದ್ಳು. ಹೆತ್ತವಳ ಮಾತಿಗೆ ಕೂತ. ಅವಳು ಪಕ್ಕದಲ್ಲಿ ಕೂತು ತುತ್ತು ಹಾಕ್ತಿದ್ಳು, ಆಗ ಅರಸು ಬಂದ."

"ಮತ್ತೆ ಅವನು ಮಾತಾಡ್ಲಿಲ್ಲವಲ್ಲ?"

"ಊಟ ಮಾಡೋನನ್ನ ಯಾಕೆ ಮಾತಾಡಿಸ್ತಾನೆ? ಸದ್ದು ಮಾಡದೆ ಪಕ್ಕದಿಂದ ಹೋದ. ಅರಸನಿಗೂ ತಾಯಿ ಇದ್ಳು ಕಣೋ."

ಗಾಳಿ ಬೀಸಿತು. ತಂದೆಯವರು ಜಾರಿದ ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡರು. ಆಮೇಲೆ ಎಂಜಿನಿಯರರ ಒಂದೇ ಒಂದು ಅನುಮಾನ ಹೊರಬಂತು.

"ಅವನು ಕೂತಾಗ ಬೆತ್ತ ಯಾರು ಹಿಡಿದಿದ್ರು? ಬೆತ್ತ ನಿಂತೋರ ಕೈಲೇ ಇರ್ಬೇಕಲ್ಲ."

ಅಜ್ಜಿ ಕೊಂಚ ತಡೆದರು. ಅವರ ದೃಷ್ಟಿ ಹೊಸ್ತಿಲ ಒಳಗಿದ್ದ ನನ್ನ ಮೇಲೆ ಬಿತ್ತು.

"ಅವನ ಮಗಳು."

ತಂದೆಯವರು ಬೆತ್ತವನ್ನು ನನ್ನತ್ತ ಚಾಚಿದರು. ಹಿತ್ತಾಳೆಯ ಕಟ್ಟು ಅವರ ಅಂಗೈಯ ಬೆವರಿಗೆ ಬೆಚ್ಚಗಿತ್ತು. ನಾನು ಅದನ್ನು ಎರಡು ಕೈಯಿಂದ ಹಿಡಿದು ಬೀದಿಗೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ರೇಷ್ಮೆ ಸರಿದ ಸದ್ದಾಯಿತು, ಒಂದು ನಿಟ್ಟುಸಿರು ಕೇಳಿತು. ತಿರುಗಿ ನೋಡುವಂತಿಲ್ಲ. ಆದ್ದರಿಂದ ನನ್ನ ತಂದೆಯವರು ಕೂತದ್ದನ್ನು ನಾನು ಕಂಡಿಲ್ಲ, ಕೇಳಿದ್ದೇನೆ ಅಷ್ಟೆ. ಅಜ್ಜಿ ಭಾತು ಕಲಸುವ ಬಳೆಯ ಸದ್ದು, ಒಂದೊಂದು ತುತ್ತಿನ ನಡುವಿನ ಮೌನ. ಒಳಗಿನಿಂದ ನೀರು ತಂದ ತಾಯಿಯವರ ಹೆಜ್ಜೆ ಬಾಗಿಲ ಬಳಿ ತಟಕ್ಕನೆ ನಿಂತುಹೋಯಿತು. ಅವರು ಅಳುತ್ತಿದ್ದರೋ ನಗುತ್ತಿದ್ದರೋ, ಆ ಉಸಿರಿನಿಂದ ತಿಳಿಯಲಿಲ್ಲ.

"ಹಾಗಾದ್ರೆ ಬೆತ್ತ, ಅಮ್ಮ? ತಮ್ಮನಿಗೆ?"

"ಅವನಿಗ್ಯಾಕೆ? ಪ್ರತಿ ದಶಮಿಗೂ ಹೆಂಡ್ತಿ ಮಕ್ಕಳನ್ನ ಕರ್ಕೊಂಡು, ಮನೆಗೆ ಬೀಗ ಜಡಿದು, ಜಂಬೂಸವಾರಿ ನೋಡಕ್ಕೆ ಹೋಗ್ತಾನೆ ಅವನು. ಬಾಗಿಲು ತೆಗೆದಿರೋ ಕಡೆ ಇರ್ಲಿ ಬೆತ್ತ. ಬಾಯಿ ತೆಗಿ."

ಮುಂದೆ ಓದಲೆಂದು ಮೈಸೂರಿನಲ್ಲಿ ಕೆಲವು ವರ್ಷ ಇದ್ದಾಗ ನಮ್ಮ ಮನೆತನದ ಹಿರಿಯ ಹೆಂಗಸರನ್ನೆಲ್ಲ ಕೇಳಿದೆ. ಕೇತಯ್ಯನ ತಾಯಿಯ ಸಂಗತಿ, ಮಗಳ ಸಂಗತಿ, ಅವರಲ್ಲಿ ಯಾರೂ ಕೇಳಿದವರಿರಲಿಲ್ಲ. ಮತ್ತೆ ವಿಚಾರಿಸಲು ಹೋಗಲಿಲ್ಲ. ಆ ದಶಮಿಯಿಂದೀಚೆಗೆ ತಂದೆಯವರು ವಂಶಾವಳಿ ಹೇಳುವಾಗ ಕೇತಯ್ಯನ ಹೆಸರಿಗೆ ದನಿ ತಗ್ಗಿಸಲಿಲ್ಲವೆಂಬುದು ನನಗೆ ಸಾಕು. ದಶಮಿಯ ಊಟವನ್ನು ಅವರು ಪ್ರತಿ ವರ್ಷವೂ ಹೊಸ್ತಿಲ ಮೇಲೆ ಕೂತು ಮಾಡಿದರು, ನಾನು ಆ ಮನೆಯಲ್ಲಿದ್ದಷ್ಟು ವರ್ಷ ಆ ಹೊತ್ತು ನಾನು ನಿಂತೆ. ಅವರ ಕಾಲ ತಳಮಳ ಹೀಗೆ ತುತ್ತು ತುತ್ತಾಗಿ ನನ್ನ ಕಾಲಿಗೆ ಇಳಿಯಿತು. ಈಗ ಬೆತ್ತ ನೇಪರ್‌ವಿಲ್ಲಿನ ಈ ಮನೆಯ ಬಾಗಿಲ ಹಿಂದಿದೆ. ಅದೇ ಹಳದಿ ರೇಷ್ಮೆ, ಅಂಚು ನವೆದಿದೆ. ಕೂತ್ಕೋ ಎಂದು ನನಗೆ ದಿನವೂ ಎಷ್ಟೋ ಜನ ಪ್ರೀತಿಯಿಂದ ಹೇಳುತ್ತಾರೆ. ಹೇಳುವ ಅಧಿಕಾರವಿದ್ದವರು ಮಾತ್ರ ಉಳಿದಿಲ್ಲ.

ಹಸಿವನ್ನು ತಡೆದು ಚಳಿಯಲ್ಲಿ ಮನೆ ಸುತ್ತಿ ಬಂದವರಿಗೆ ಒಳ್ಳೆಯದಾಗಲಿ. ಎಲೆಯನ್ನು ಬಂಗಾರ ಮಾಡಿದ ವೈದ್ಯರಿಗೆ, ನಿಜವನ್ನು ಅರ್ಧಕ್ಕೆ ನುಂಗಿದ ಅವರ ಮಗನಿಗೆ, ಇಲ್ಲದ ಬೆಂಕಿಗೆ ಕಂಬಳಿ ತಂದ ರಾಬರ್ಟರ ಮಗಳಿಗೆ ಒಳ್ಳೆಯದಾಗಲಿ. ಕಾಯುತ್ತ ನಿಂತವರ ಹಿಂದೆ ತಟ್ಟೆ ಹಿಡಿದು ನಡೆದ ತಾಯಿಗೂ, ಬೇಕಾದ ಕ್ಷಣಕ್ಕೆ ಬೇಕಾದ ಪೂರ್ವಜರನ್ನು ಕರೆತಂದ ಅಜ್ಜಿಗೂ, ಕಡೆಗೂ ಕೂತ ತಂದೆಗೂ, ಕೂತ ಕೇತಯ್ಯನಿಗೂ ಸದ್ಗತಿಯಾಗಲಿ. ದಂಡೆತ್ತಿ ಹೋದ ಅರಸು ಎಲ್ಲೇ ಇರಲಿ, ಅವನಿಗೂ ದಾರಿ ಸುಗಮವಾಗಲಿ. ಈ ದಶಮಿಗೆ ನಮ್ಮ ಮನೆಗೆ ಬರುವವರೆಲ್ಲ ಮುಂಬಾಗಿಲಿನಿಂದ ಬರಲಿ. ಗರಾಜಿನಿಂದ ಬಂದರೆ, ಮೂಲೆ ಸುತ್ತಿ ಮತ್ತೊಮ್ಮೆ ಬಂದು, ಹೊಟ್ಟೆ ತುಂಬ ಉಂಡು ಹೋಗಲಿ.